ಕೋವಿಯ ನಳಿಗೆ ಕತ್ತರಿಸುವ ಮೊದಲು

ಕಳೆದ ತಿಂಗಳು ನಮ್ಮ ಬಳಗದ ನಂಬರಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಮಲೆನಾಡಿನ ಒಂದು ಅಡಿಕೆ ತೋಟದ ಹುಡುಗನದು. ಹೆಸರು ಬೇಡ ಎಂದಿದ್ದಾನೆ, ಹಾಗಾಗಿ ಹಾಕುತ್ತಿಲ್ಲ.

"ಅಣ್ಣ, ನಮ್ಮನೇಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ. ನಳಿಗೆ ಮೂವತ್ತು ಇಂಚು. ಅಮೆರಿಕದವರು ವಿಡಿಯೋದಲ್ಲಿ ಹಕ್ಕಿ ಹೊಡೆಯೋಕೆ ಇಪ್ಪತ್ತಾರು ಇಂಚಿಂದೇ ಚುರುಕು ಅಂತಾರೆ. ಪೇಟೇಲಿ ಲೇತ್ ಕೆಲಸದವರೊಬ್ಬರು ನಾಲ್ಕು ಇಂಚು ಕತ್ತರಿಸಿ ಕೊಡ್ತೀನಿ ಅಂದಿದಾರೆ. ದೊಡ್ಡಪ್ಪ ಬೇಡ ಅಂತಾರೆ. ಕತ್ತರಿಸಿದ್ರೆ ಏಟು ದೂರ ಹೋಗಲ್ವಂತೆ. ಯಾರು ಹೇಳೋದು ಸರಿ?"

ಒಂದು ನಿಮಿಷದ ಮೆಸೇಜ್. ಅದರೊಳಗೆ ಜೈಲಿಗೆ ಹೋಗುವ ದಾರಿಯೂ ಇತ್ತು, ಆಸ್ಪತ್ರೆಗೆ ಹೋಗುವ ದಾರಿಯೂ ಇತ್ತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನಂತೆ ಇನ್ನೂ ಹಲವರು ಇರಬಹುದು ಎಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ನಳಿಗೆ ಕತ್ತರಿಸಬೇಡಿ. ದೊಡ್ಡಪ್ಪ ಕೊಟ್ಟ ಸಲಹೆ ಸರಿ, ಆದರೆ ಅವರು ಹೇಳಿದ ಕಾರಣ ತಪ್ಪು. ಹುಡುಗ ವಿಡಿಯೋದಲ್ಲಿ ಕೇಳಿದ್ದು ಸುಳ್ಳಲ್ಲ, ಆದರೆ ಅದು ನಮ್ಮ ಊರಿನ ಮಾತಲ್ಲ.

ಉದ್ದ ಇದ್ದರೆ ದೂರ ಹೋಗುತ್ತದೆಯೇ?

ಉದ್ದ ನಳಿಗೆಯ ಕೋವಿ ದೂರ ಹೊಡೆಯುತ್ತದೆ ಎಂಬ ಮಾತನ್ನು ಹಳ್ಳಿಯಲ್ಲಿ ಕೇಳದವರಿಲ್ಲ. ಇದು ಕಪ್ಪು ಮದ್ದಿನ ಕಾಲದಿಂದ ಬಂದ ಮಾತು. ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುತ್ತಿದ್ದ ಕೋವಿಗಳಲ್ಲಿ ನಳಿಗೆಯ ಉದ್ದಕ್ಕೆ ಹೆಚ್ಚು ಬೆಲೆ ಇತ್ತು. ಅಜ್ಜಂದಿರು ಹೇಳಿದ್ದು ಅವರ ಕಾಲಕ್ಕೆ ಸರಿಯೇ.

ತೋಟಾ ಕೋವಿಯಲ್ಲಿ ಹಾಗಿಲ್ಲ. ಹೊಗೆಯಿಲ್ಲದ ಮದ್ದು ನಳಿಗೆಯ ಮೊದಲ ಒಂದೂವರೆ ಅಡಿಯ ಆಸುಪಾಸಿನಲ್ಲೇ ತನ್ನ ಕೆಲಸ ಬಹುತೇಕ ಮುಗಿಸುತ್ತದೆ. ಆಮೇಲಿನ ಪ್ರತಿ ಇಂಚಿಗೆ ಚರೆಯ ವೇಗ ಸೆಕೆಂಡಿಗೆ ಅಂದಾಜು 5ರಿಂದ 10 ಅಡಿ ಹೆಚ್ಚುತ್ತದೆ, ಅಷ್ಟೆ. ಸಾಮಾನ್ಯ 12 ಬೋರ್ ತೋಟಾದ ಚರೆ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿರುತ್ತದೆ. 30 ಇಂಚಿಗೂ 26 ಇಂಚಿಗೂ ಇರುವ ವ್ಯತ್ಯಾಸ ಹೆಚ್ಚೆಂದರೆ 40 ಅಡಿ. ನೂರಕ್ಕೆ ಎರಡು ಮೂರು ಪಾಲು. ಏಟು ತಿಂದ ಹಕ್ಕಿಗೂ ಅದು ಗೊತ್ತಾಗದು, ಹೊಡೆದವನಿಗೂ ಗೊತ್ತಾಗದು.

ಹಾಗಾದರೆ ಏಟಿನ ದೂರವನ್ನು ತೀರ್ಮಾನಿಸುವುದು ಯಾವುದು? ಚೋಕ್. ನಳಿಗೆಯ ಬಾಯಿಯ ಹತ್ತಿರ, ಕೊನೆಯ ಕೆಲವು ಇಂಚಿನಲ್ಲಿ, ಒಳಗಿನ ತೂತನ್ನು ಸ್ವಲ್ಪ ಕಿರಿದು ಮಾಡಿರುತ್ತಾರೆ. 12 ಬೋರಿನ ತೂತು ಸುಮಾರು 18.5 ಮಿಲಿಮೀಟರ್. ಫುಲ್ ಚೋಕ್‌ನಲ್ಲಿ ಅದು ಸುಮಾರು ಒಂದು ಮಿಲಿಮೀಟರ್ ಕಿರಿದಾಗಿರುತ್ತದೆ. ಆ ಒಂದು ಮಿಲಿಮೀಟರ್ ಮಾಡುವ ಕೆಲಸ ನೋಡಿ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದು ಹೊಡೆದರೆ, ಫುಲ್ ಚೋಕ್ ನಳಿಗೆಯ ಚರೆಗಳಲ್ಲಿ ನೂರಕ್ಕೆ ಸುಮಾರು 70 ವೃತ್ತದೊಳಗೆ ಬೀಳುತ್ತವೆ. ಚೋಕ್ ಇಲ್ಲದ ನಳಿಗೆಯಲ್ಲಿ ಸುಮಾರು 40 ಮಾತ್ರ.

ಈಗ ಲೇತ್ ಕೆಲಸದ ಮಾತಿಗೆ ಬನ್ನಿ. ಮುಂದಿನ ನಾಲ್ಕು ಇಂಚು ಕತ್ತರಿಸಿದರೆ ಹೋಗುವುದು ಉದ್ದ ಒಂದೇ ಅಲ್ಲ. ಇದ್ದ ಚೋಕ್ ಪೂರ್ತಿ ಕಸದ ಬುಟ್ಟಿ ಸೇರುತ್ತದೆ. ಜೋಡುನಳಿಗೆಯನ್ನು ಕತ್ತರಿಸಿದರೆ ಎರಡು ನಳಿಗೆಗಳ ನಡುವಿನ ಬೆಸುಗೆಯೂ ಸಡಿಲವಾಗಬಹುದು. ದೊಡ್ಡಪ್ಪ ಹೇಳಿದಂತೆ ಏಟು ಕೆಡುತ್ತದೆ, ನಿಜ. ಕೆಡುವುದು ಚೋಕ್ ಹೋದದ್ದರಿಂದ.

ಅಮೆರಿಕದ ಲೆಕ್ಕ ಬೇರೆ

ಹುಡುಗ ನೋಡಿದ ವಿಡಿಯೋಗಳನ್ನು ನಾವೂ ಕೂತು ನೋಡಿದೆವು. ಅಲ್ಲಿ 26 ಇಂಚೋ 28 ಇಂಚೋ ಎಂಬ ಚರ್ಚೆ ವೇಗದ ಬಗ್ಗೆ ಅಲ್ಲ, ಕೈಗೆ ಒಗ್ಗುವುದರ ಬಗ್ಗೆ. ಪೊದೆ ಕಾಡಿನಲ್ಲಿ ಗ್ರೌಸ್ ಎಂಬ ಹಕ್ಕಿ ಕಾಲ ಬುಡದಿಂದ ಏಳುತ್ತದೆ, ಕಣ್ಣಿಗೆ ಕಾಣುವುದು ಒಂದೆರಡು ಸೆಕೆಂಡ್. ಅಲ್ಲಿ ಗಿಡಗಂಟಿಗೆ ಸಿಕ್ಕಿಕೊಳ್ಳದ ಗಿಡ್ಡ, ಹಗುರ ಕೋವಿ ಬೇಕು. ದಕ್ಷಿಣ ಡಕೋಟದಂಥ ಬಯಲು ಸೀಮೆಯಲ್ಲಿ ಜೋಳದ ಹೊಲದಿಂದ ಏಳುವ ಫೆಸೆಂಟ್ ಹಕ್ಕಿಗೆ ಸ್ವಲ್ಪ ಉದ್ದದ್ದು ಒಳ್ಳೆಯದು. ಮುಂದೆ ತೂಕ ಇದ್ದರೆ ಕೋವಿ ಜರ್ಕ್ ಹೊಡೆಯದೆ ಹಕ್ಕಿಯ ಹಿಂದೆ ಸಲೀಸಾಗಿ ಸಾಗುತ್ತದೆ.

ಇನ್ನೊಂದು ವಿಷಯ. ಅವರಲ್ಲಿ ಅನೇಕರ ಕೈಯಲ್ಲಿರುವುದು ಪಂಪ್ ಅಥವಾ ಆಟೊಮ್ಯಾಟಿಕ್ ಕೋವಿ. ಅದರ ಯಂತ್ರದ ಪೆಟ್ಟಿಗೆಯೇ ಮೂರು ನಾಲ್ಕು ಇಂಚು ಹೆಚ್ಚು ಉದ್ದ. ನಮ್ಮ ಮನೆಗಳ ಮಡಚುವ ಜೋಡುನಳಿಗೆ ಅದೇ ನಳಿಗೆ ಉದ್ದದಲ್ಲೂ ಒಟ್ಟಾರೆ ಅದಕ್ಕಿಂತ ಗಿಡ್ಡ. ಅಂದರೆ ಹುಡುಗನ 30 ಇಂಚಿನ ಕೋವಿ ತುದಿಯಿಂದ ತುದಿಗೆ ಅಳೆದರೆ ವಿಡಿಯೋದ 26 ಇಂಚಿನ ಪಂಪ್ ಕೋವಿಗೆ ಹತ್ತಿರ ಹತ್ತಿರ ಸಮ! ಕತ್ತರಿಸುವ ಅಗತ್ಯವೇ ಇರಲಿಲ್ಲ.

ಈ ಜಗಳ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ 30 ಇಂಚಿನ ನಳಿಗೆಯೇ ರೂಢಿಯಾಗಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ರಾಬರ್ಟ್ ಚರ್ಚಿಲ್ ಎಂಬ ಕೋವಿ ತಯಾರಕ 25 ಇಂಚಿನ ಕೋವಿಯನ್ನು ದೊಡ್ಡದಾಗಿ ಪ್ರಚಾರ ಮಾಡಿದ. ನಳಿಗೆಯ ಮೇಲಿನ ಪಟ್ಟಿಯನ್ನು ಎತ್ತರಿಸಿ, ಮುಂದಕ್ಕೆ ಕಿರಿದು ಮಾಡಿ, ಗಿಡ್ಡ ನಳಿಗೆ ಕಣ್ಣಿಗೆ ಉದ್ದ ಕಾಣುವಂತೆ ಮಾಡಿದ್ದ. ಎಷ್ಟೋ ವರ್ಷ ವಾದ ನಡೆಯಿತು. ಈಗ ಅಲ್ಲೇ ಮತ್ತೆ 28, 30 ಇಂಚಿನತ್ತ ಜನ ಹೊರಳಿದ್ದಾರೆ. ಇದರಲ್ಲಿ ವಿಜ್ಞಾನ ಎಷ್ಟಿದೆಯೋ ಫ್ಯಾಷನ್ನೂ ಅಷ್ಟೇ ಇದೆ.

ವಿಡಿಯೋದಲ್ಲಿ ಕಾಣದ ಭಾಗವೂ ಒಂದಿದೆ. ಅಲ್ಲಿ ಶಿಕಾರಿಗೆ ಲೈಸೆನ್ಸ್ ಬೇಕು, ಋತು ಗೊತ್ತುಮಾಡಿರುತ್ತಾರೆ. ದಕ್ಷಿಣ ಡಕೋಟದಲ್ಲಿ ಒಬ್ಬನಿಗೆ ದಿನಕ್ಕೆ ಮೂರೇ ಫೆಸೆಂಟ್, ಅದೂ ಗಂಡು ಮಾತ್ರ. ಹೇಂಟೆ ಮುಟ್ಟುವಂತಿಲ್ಲ. 1937ರ ಒಂದು ಕಾನೂನಿನಂತೆ ಕೋವಿ, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ನಾವು ಮೊಬೈಲಿನಲ್ಲಿ ನೋಡುವುದು ಕೊನೆಯ ಹತ್ತು ಸೆಕೆಂಡಿನ 'ಢಂ' ಮಾತ್ರ.

ನಮ್ಮ ನೆಲದ ಕಾನೂನು

ನಮ್ಮಲ್ಲಿ ಹಕ್ಕಿ ಶಿಕಾರಿಯ ಕಥೆ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಕೋಳಿ, ಗೌಜಲಕ್ಕಿ, ನವಿಲು ಹೊಡೆಯುವುದು ಅಪರಾಧ. ಬಲೆ, ಉರುಳು ಹಾಕುವುದೂ ಬೇಟೆಯೇ. ಗೂಡು, ಮೊಟ್ಟೆ ಹಾಳು ಮಾಡುವುದೂ ಬೇಟೆಯೇ. ಹೊಡೆಯಲು ಯತ್ನಿಸಿದರೂ ಸಾಕು, 'ತಾಗಲಿಲ್ಲ ಸ್ವಾಮಿ' ಎಂದರೆ ಬಿಡುವುದಿಲ್ಲ.

ಕೋವಿಯ ಮಾತು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಅದರ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೇಳುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಗೆಯ ಚರೆ ಕೋವಿಗೂ ಲೈಸೆನ್ಸ್ ಕೊಡಬಹುದು.

"ಹಾಗಾದ್ರೆ ಇಪ್ಪತ್ತಾರು ಇಂಚು ಇಪ್ಪತ್ತಕ್ಕಿಂತ ಜಾಸ್ತಿನೇ ಅಲ್ವಾ ಅಣ್ಣ?" ಹುಡುಗ ತಕ್ಷಣ ಕೇಳಿದ. ಬುದ್ಧಿವಂತ ಪ್ರಶ್ನೆ. ಅನೇಕರು ಎಡವುವುದು ಇಲ್ಲೇ. ಅದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕಿನ ನಳಿಗೆ ಗಿಡ್ಡ ಮಾಡುವಂತಿಲ್ಲ. ಎಷ್ಟು ಉಳಿಯಿತು ಎಂಬುದು ಪ್ರಶ್ನೆಯೇ ಅಲ್ಲ, ಕತ್ತರಿಸಿದ್ದೇ ಅಪರಾಧ. ಶಿಕ್ಷೆ ವರ್ಷಗಟ್ಟಲೆ ಜೈಲು. ಕತ್ತರಿಸಿಕೊಟ್ಟ ಲೇತ್‌ನವನೂ ಜೊತೆಗೆ ಸಿಕ್ಕಿಬೀಳುತ್ತಾನೆ.

ಕೊಡಗಿನ ಓದುಗರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಹೈಕೋರ್ಟೂ ಅದನ್ನು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂಬ ವಿನಾಯಿತಿ. ಹಕ್ಕಿ ಹೊಡೆಯಲು, ನಳಿಗೆ ಕತ್ತರಿಸಲು ಕೊಟ್ಟ ರಜೆಯಲ್ಲ.

ರೈತರ ಸಿಟ್ಟು ನಮಗೆ ಗೊತ್ತು

"ಪೇಟೆಯಲ್ಲಿ ಕೂತವರಿಗೇನು, ಹಂದಿ ಗದ್ದೆ ಉತ್ತು ಹೋದ ಬೆಳಿಗ್ಗೆ ಬಂದು ನೋಡಿ" ಎಂದು ನೀವು ಕೇಳಬಹುದು. ನಮ್ಮಲ್ಲಿ ಅರ್ಧ ಜನ ಅಂಥ ಮನೆಗಳಿಂದಲೇ ಬಂದವರು. ಮಂಗಗಳು ಏಲಕ್ಕಿ ತಿಂದದ್ದು, ಚುನಾವಣೆ ಬಂತೆಂದು ಕೋವಿಯನ್ನು ಠಾಣೆಗೆ ಒಪ್ಪಿಸಿ ಬೆಳೆ ಕಾಯುವ ಹೊತ್ತಿಗೆ ಕೈಕಟ್ಟಿ ಕೂತದ್ದು, ಎಲ್ಲ ಕಂಡಿದ್ದೇವೆ. ಬೆಳೆ ಕಾಯುವ ಕೋವಿ ರೈತನ ನ್ಯಾಯವಾದ ಸಲಕರಣೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಅದಕ್ಕಾಗಿಯೇ ಈ ಮಾತು. ಒಬ್ಬ ಹುಡುಗ ನಳಿಗೆ ಕತ್ತರಿಸಿ ಸಿಕ್ಕಿಬಿದ್ದರೆ, ಕಾಡುಕೋಳಿ ಹೊಡೆದು ಫೋಟೋ ಸ್ಟೇಟಸ್ ಹಾಕಿದರೆ, ಹೋಗುವುದು ಅವನ ಲೈಸೆನ್ಸ್ ಒಂದೇ ಅಲ್ಲ. ಮುಂದಿನ ಸಲ ಇಡೀ ಊರಿನ ಅರ್ಜಿಯನ್ನೇ ಅಧಿಕಾರಿ ಅನುಮಾನದಿಂದ ನೋಡುತ್ತಾರೆ.

ಜೀವದ ಮಾತು ಅದಕ್ಕಿಂತ ದೊಡ್ಡದು. ಶಿಕಾರಿಗೆ ಹೋದವರ ಈಡು ಜೊತೆಗಾರನಿಗೇ ತಗುಲಿದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹಕ್ಕಿಗೆ ಬಳಸುವ ಸಣ್ಣ ಚರೆಯ ಏಟು 40 ಗಜಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಅದು 200 ಮೀಟರ್ ಆಚೆಗೂ ಹೋಗಿ ಬೀಳಬಲ್ಲದು. ಹಂದಿ ಚರೆ ಇನ್ನೂ ಎಷ್ಟೋ ದೂರ. ನಮ್ಮ ತೋಟಗಳ ನಡುವೆ ಅಷ್ಟು ದೂರದೊಳಗೆ ಎಷ್ಟು ಮನೆಗಳಿವೆ, ಎಷ್ಟು ಕಾಲುದಾರಿಗಳಿವೆ, ಎಣಿಸಿ ನೋಡಿ.

ನಳಿಗೆಗಿಂತ ಮೊದಲು ನೋಡಬೇಕಾದ್ದು

ಲೈಸೆನ್ಸ್ ಯಾರ ಹೆಸರಲ್ಲಿದೆ? ಅಜ್ಜನ ಕೋವಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ವಾರಸುದಾರ ಅರ್ಜಿ ಹಾಕಿ ತನ್ನ ಹೆಸರಿಗೆ ಲೈಸೆನ್ಸ್ ಪಡೆಯಬೇಕು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ಹಾಗೆ ಅರ್ಜಿ ಹಾಕಲು 2016ರ ನಿಯಮಗಳಲ್ಲಿ ಅವಕಾಶ ಇದೆ.

ನಳಿಗೆಯೊಳಗೆ ಏನಿದೆ? ಕಣಜದ ಹುಳ ಕಟ್ಟಿದ ಮಣ್ಣು, ಸಿಕ್ಕಿಕೊಂಡ ಬಟ್ಟೆ ಚೂರು, ತುಕ್ಕು ತಿಂದ ಗುಳಿ, ಯಾವುದಿದ್ದರೂ ನಳಿಗೆ ಸಿಡಿಯಬಹುದು. 20 ಬೋರಿನ ತೋಟಾ 12 ಬೋರಿನ ನಳಿಗೆಯಲ್ಲಿ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ಕೈಯೇ ಹೋಗುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಈ ಕಾರಣಕ್ಕೆ.

ಮರದ ಹಿಡಿ ಹೆಗಲಿಗೆ ಹೊಂದುತ್ತದೆಯೇ? ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ಬಿಡಿ. ನೋಟ ನಳಿಗೆಯ ಮೇಲೆ ನೇರ ಹೋದರೆ ಸರಿ. ಅಂಗಿಗೆ ಸಿಕ್ಕಿಕೊಂಡರೆ ಅಥವಾ ಕುತ್ತಿಗೆ ಚಾಚಬೇಕಾದರೆ ತೊಂದರೆ ಇರುವುದು ಹಿಡಿಯಲ್ಲಿ.

ಹುಡುಗನ ಕಥೆಯಲ್ಲೂ ಇದೇ ಆಯಿತು. ಲೈಸೆನ್ಸ್ ದೊಡ್ಡಪ್ಪನ ಹೆಸರಲ್ಲಿತ್ತು. ಅವರೇ ಕೋವಿಯನ್ನು ಪರವಾನಗಿ ಇರುವ ಕೋವಿ ಅಂಗಡಿಗೆ ಒಯ್ದು ತೋರಿಸಿದರು. ಎಡ ನಳಿಗೆ ಫುಲ್ ಚೋಕ್, ಒಳಗೆ ತುಕ್ಕಿಲ್ಲ. ಆದರೆ ಅಜ್ಜ ಆರಡಿ ಆಳು, ಹಿಡಿ ಅವರ ಅಳತೆಯದು. ದೊಡ್ಡಪ್ಪ ಇಷ್ಟು ವರ್ಷ ಆ ಉದ್ದದ ಹಿಡಿಯನ್ನೇ ಎಳೆದಾಡಿಕೊಂಡು ಬಂದಿದ್ದರು. ಅಂಗಡಿಯವರು ಮರವನ್ನು ಮುಕ್ಕಾಲು ಇಂಚು ತೆಗೆದು ಸರಿಮಾಡಿಕೊಟ್ಟರು. ನಳಿಗೆ 30 ಇಂಚು ಇದ್ದದ್ದು 30 ಇಂಚೇ ಉಳಿಯಿತು.

ಹುಡುಗ ಈಗ ತನ್ನ ಹೆಸರಿಗೆ ಅರ್ಜಿ ಹಾಕಲು ಕಾಗದ ಜೋಡಿಸುತ್ತಿದ್ದಾನೆ. ಅಲ್ಲಿಯವರೆಗೆ ಕೋವಿ ದೊಡ್ಡಪ್ಪನ ಬೀರುವಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ನಿಮ್ಮ ಮನೆಯಲ್ಲೂ ಹಳೆಯ ಕೋವಿ ಇದ್ದರೆ ಇವತ್ತು ಒಮ್ಮೆ ಲೈಸೆನ್ಸ್ ಪುಸ್ತಕ ತೆಗೆದು ಹೆಸರು, ತಾರೀಖು ನೋಡಿ. ಲೇತ್ ಕೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೋವಿ ಹಿಡಿದು ಬಂದ ಹುಡುಗನನ್ನು ದಯವಿಟ್ಟು ಹಾಗೇ ವಾಪಸ್ ಕಳಿಸಿ.