ಹೆಸರು ಗೊತ್ತಿದ್ರ ರಾಗ ಗೊತ್ತಿದ್ದಂಗ ಅಲ್ರೀ

ರಾತ್ರಿ ಊಟ ಮುಗಿಸಿ, ಭಾಂಡಿ ತಿಕ್ಕಿ, ಹಾಲಿಗೆ ಹೆಪ್ಪು ಹಾಕಿ ಆದ ಮ್ಯಾಲ ನಮ್ಮ ಗೆಳತ್ಯಾರ ವಾಟ್ಸಾಪ್ ಗುಂಪಿನಾಗ ಒಂದು ಆಟ ಸುರು ಆಗ್ತೈತಿ. ಬೆಳಗಾವಿಯ ಟಿಳಕವಾಡಿ, ಶಹಾಪುರ, ಅನಗೋಳದಾಗ ಇರೋರು, ಖಾನಾಪುರದೋರು, ಮದುವ್ಯಾಗಿ ಪುಣೆ, ಬೆಂಗಳೂರಿಗೆ ಹೋದೋರು, ಹಿಂಗ 11 ಮಂದಿ ಇದ್ದೀವಿ. ಒಬ್ಬಾಕಿ ಒಂದು ಅಕ್ಷರ ಕೊಡ್ತಾಳ. ಆ ಅಕ್ಷರದಿಂದ ಸುರು ಆಗೂ ರಾಗದ ಹೆಸರು, ಇಲ್ಲಾ ಗವಾಯಿಗಳ ಹೆಸರು, 15 ನಿಮಿಷದಾಗ ಟೈಪ್ ಮಾಡಬೇಕು. ಒಂದು ಹೆಸರಿಗೆ ಒಂದು ಮಾರ್ಕು. ‘ಕ’ ಬಂದ್ರ ಹಬ್ಬ: ಕಾಫಿ, ಕೇದಾರ, ಕಾಮೋದ, ಕಲಾವತಿ. ‘ಝ’ ಬಂದ್ರ ಝಿಂಝೋಟಿ ಒಂದ ಹೇಳಿ ಎಲ್ಲಾರೂ ಸುಮ್ಮ ಕೂಡೂದು. ‘ಙ’ ಯಾರೂ ಕೊಡೂದಿಲ್ಲ.

ಆಟ ಛಲೋ ಐತಿ. ಅದರ ಸಲುವಾಗಿ ನಾ ಜಗಳಾ ತಗದಿಲ್ಲ. ಆಡೂ ರೀತಿ ತಪ್ಪೈತಿ ಅಂತ ನನ್ನ ತಕರಾರು. ಕೇಳಿ ಕಲ್ತೋರನ್ನ ಇದು ಹೊರಗ ಹಾಕ್ತೈತಿ, ಫೋನಿನಾಗ ಹುಡುಕೋರನ್ನ ಗೆಲ್ಲಸ್ತೈತಿ. ಸಂಗೀತದ ಆಟ ಅಂತ ಹೆಸರಿಟ್ಟು ಸಂಗೀತನ ಬಾಗಲಾ ಹೊರಗ ನಿಲ್ಲಸ್ತೈತಿ. ಗುಂಪಿನಾಗ ಈ ಮಾತು ಹೇಳಿದ್ರ “ವೈನಿ, ಬರೇ ಆಟಾರಿ, ಯಾಕ ಇಷ್ಟು ಮನಸ್ಸಿಗೆ ಹಚ್ಕೋತೀರಿ?” ಅಂದ್ರು. ಅದಕ್ಕ ಇಲ್ಲಿ ಬಿಡಿಸಿ ಬರಿಯಾಕತ್ತೀನಿ.

ಖಾನಾಪುರದಾಗ ನಮ್ಮ ಗುಂಪಿನ ಹಿರೇರು ಒಬ್ಬರದಾರ. ನಾವೆಲ್ಲಾ ಅಕ್ಕಾರು ಅಂತೀವಿ. ಎಪ್ಪತ್ತು ದಾಟಿದ ಜೀವ. ಪ್ಯಾಟಿ ಮುಂದ ಇಟ್ಕೊಂಡು ಗುರುಗಳ ಹತ್ರ ಕಲ್ತದ್ದು ಮದುವಿ ತನಕ, ನಾಕ ವರ್ಷ. ಉಳಿದದ್ದೆಲ್ಲಾ ಮನಿ ಭಜನಿಯಿಂದ, ಧಾರವಾಡ ಆಕಾಶವಾಣಿಯಿಂದ. ಧಾರವಾಡ ನಿಲಯ ಸುರು ಆಗಿದ್ದು 1950ರಾಗ. ಅಕ್ಕಾರು ಹುಟ್ಟೂದಕ್ಕಿಂತ ಮೊದಲ. ಅಂದ್ರ ಅವರ ಕಿವಿ ಎಷ್ಟು ವರ್ಷದ್ದು ಅಂತ ನೀವ ಲೆಕ್ಕಾ ಹಾಕ್ರಿ. ಒಂದಿನ ‘ಮ’ ಅಕ್ಷರ ಬಂತು. ಅಕ್ಕಾರು ಹೆಸರು ಬರೀಲಿಲ್ಲ. ಒಂದು ಧ್ವನಿ ಕಳಿಸಿದ್ರು, ಒಂದು ನಿಮಿಷನೂ ಇಲ್ಲ. ದನಿ ನಡಗತಿತ್ತು, ಸ್ವರ ನಡಗಲಿಲ್ಲ. ಕೋಮಲ ರಿಷಭದ ಮ್ಯಾಲ ಬಂದು ನಿಂತು, ಧೈವತಕ್ಕ ಹೋಗಿ, ಷಡ್ಜಕ್ಕ ಇನ್ನೇನ ಬಂದ್ರು ಅನ್ನೂದ್ರಾಗ ಅದನ್ನ ಬಿಟ್ಟು ಮತ್ತ ತಿರಗಿದ್ರು. ಮಾರವಾ! ದೀಪಾ ಹಚ್ಚೂ ಹೊತ್ತಿನಾಗ ಮನಿಗೆ ಬರಬೇಕಾದೋರು ಬರದಿದ್ರ ಹೊಟ್ಟ್ಯಾಗ ಏನ ಆಗ್ತೈತೆಲ್ಲಾ, ಅದು ಆ ರಾಗದಾಗ ಐತಿ. “ಹೆಸರು ನಾಲಗಿ ಮ್ಯಾಲ ಐತಿ, ಬರವಲ್ದು” ಅಂತ ಕೆಳಗ ಬರದಿದ್ರು.

ಅಕ್ಕಾರಿಗೆ ಸಿಕ್ಕಿದ್ದು ಸೊನ್ನಿ. “ಅಕ್ಕಾರ, ಹೆಸರು ಟೈಪ್ ಮಾಡ್ಬೇಕ್ರಿ, ನಿಯಮ ಐತಿ.” ಅದೇ ಹೊತ್ತಿಗೆ ಇನ್ನೊಬ್ಬಾಕಿ ಒಂದ ಉಸರಿನಾಗ ಬರದಳು: ಮಿಯಾ ಮಲ್ಹಾರ, ಮೇಘ, ಮೀರಾಬಾಯಿ ಕೀ ಮಲ್ಹಾರ, ಮಧುವಂತಿ, ಮಾರೂಬಿಹಾಗ, ಮಾಲಗುಂಜಿ, ಮಾಂಡ. ಏಳಕ್ಕ ಏಳು ಮಾರ್ಕು. ಇದರಾಗ ಮಾಲಗುಂಜಿ ಹೆಂಗ ಇರ್ತೈತಿ ತಂಗೀ ಅಂತ ಕೇಳಿದ್ರ ನಗೂ ಬೊಂಬಿ ಚಿತ್ರಾ ಕಳಿಸಿದಳು. ಎರಡ ದಿನಾ ಬಿಟ್ಟು ಅಕ್ಕಾರು ಬರದ್ರು: “ನೀವ ಆಡ್ರೆವಾ, ನಾ ಕೇಳ್ತೀನಿ.” ನನಗ ಚುಚ್ಚಿದ್ದು ಆ ಮಾತು. ಕೇಳಾಕ ಅಲ್ಲೇನೈತಿ? ಟೈಪ್ ಮಾಡಿದ್ದು ಕೇಳಸ್ತೈತೇನು?

ಈಗ ವಾದಕ್ಕ ಬರ್ತೀನಿ.

ಬೆಳಗಾವಿ ಮಗ್ಗಲಿನ ಸುಳೇಭಾವಿಯೊಳಗ 1924ರ ಏಪ್ರಿಲ್ 8ಕ್ಕ ಶಿವಪುತ್ರ ಸಿದ್ರಾಮಯ್ಯ ಕೋಂಕಾಳಿಮಠ ಅಂತ ಒಂದು ಕೂಸು ಹುಟ್ಟಿತು. ಮುಂದ ಕುಮಾರ ಗಂಧರ್ವ ಆದ್ರು. ನಮ್ಮೂರ ರಂಗಮಂದಿರಕ್ಕ ಅವರ ಹೆಸರೈತಿ. ಸಣ್ಣ ಹುಡುಗ ಇದ್ದಾಗನ ದೊಡ್ಡ ದೊಡ್ಡ ಗವಾಯಿಗಳ ಗ್ರಾಮೋಫೋನ್ ತಟ್ಟಿ ಕೇಳಿ, ಕೇಳಿದಂಗ ಹಾಡಿ ಮಂದಿನ್ನ ಬೆರಗು ಮಾಡಿದ್ರು. ತಟ್ಟಿ ನಡುವಿನ ಚೀಟಿ ಓದಿ ಅವರು ಗಂಧರ್ವ ಆಗಲಿಲ್ಲ, ತಟ್ಟಿಯೊಳಗ ಇದ್ದದ್ದನ್ನ ಕೇಳಿ ಆದ್ರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಮುಂದ ಕುಂತು ಕಲ್ತರು. ರಾಗದ ಹೆಸರಿನ ಯಾದಿ ಬೇಕಾಗಿದ್ರ ಒಂದು ಅಂಚೆ ಕಾರ್ಡಿನಾಗ ಬರ್ತಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡ್ರಿ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿಲ್ಲ, ಪುಟ್ಟರಾಜ ಗವಾಯಿಗಳಿಗೂ ಕಣ್ಣಿಲ್ಲ. ಅವರ ಕೈಯಾಗ ಎಷ್ಟು ಅಂಧ ಮಕ್ಕಳು ಹಾಡಾಕ, ಬಾರಸಾಕ ಕಲ್ತು ಹೊಟ್ಟಿ ತುಂಬ್ಕೊಂಡ್ರು. ನಮ್ಮ ನಿಯಮದ ಪ್ರಕಾರ ಆ ಆಶ್ರಮದವರನ್ನ ಆಟಕ್ಕ ಕರದ್ರ ಹೆಂಗ ಆಗ್ತಿತ್ತು? “ಸ್ವಾಮೀ, ಹೆಸರು ಟೈಪ್ ಮಾಡ್ರಿ” ಅಂತಿದ್ವೇನು?

ಇನ್ನ ಹೆಸರಿನ ವಿಚಾರ. ಹೆಸರು ಎಷ್ಟು ಮೋಸಾ ಮಾಡ್ತೈತಿ ನೋಡ್ರಿ. ಕರ್ನಾಟಕಿ ಪದ್ಧತಿಯೊಳಗ ಹಿಂದೋಳ ಅಂದ್ರ ನಮ್ಮ ಮಾಲಕಂಸ. ನಮ್ಮ ಹಿಂಡೋಲ ಅಂದ್ರ ಬ್ಯಾರೇನ ರಾಗ. ಅವರ ಮೋಹನ ನಮ್ಮ ಭೂಪ. ಅವರ ತೋಡಿ ಸ್ವರಾ ನಮ್ಮ ಭೈರವಿವು. ಬೆಂಗಳೂರ ತಂಗಿ ‘ಹ’ ಬಂದಾಗ ಹಿಂದೋಳ ಬರದಳು, ಶಹಾಪುರದಾಕಿ ಹಿಂಡೋಲ ಬರದಳು, ಇಬ್ಬರೂ ಒಂದ ರಾಗ ಅಂತ ಒಂದ ಮಾರ್ಕು ಹಂಚಿದ್ರು. ಒಂದು ಸಾಲು ಗುಣುಗುಣಿಸಿದ್ರ ಸಾಕಿತ್ತು, ತಾನ ತಿಳೀತಿತ್ತು. ಇನ್ನ ನಮ್ಮ ಗಡಿ ಭಾಗದ ತಂಟೆ ಬ್ಯಾರೆ. ಅರ್ಧಾ ಮಂದಿ ಮರಾಠಿಯೊಳಗ ಬರೀತಾರ. ವಿಭಾಸ ಅನ್ನಬೇಕೋ ಬಿಭಾಸ ಅನ್ನಬೇಕೋ, ವಸಂತ ಅನ್ನಬೇಕೋ ಬಸಂತ ಅನ್ನಬೇಕೋ ಅಂತ ಒಂದು ಮಾರ್ಕಿನ ಸಲುವಾಗಿ ಅರ್ಧಾ ತಾಸು ಜಗಳ. ಹಾಡಿದ್ರ ಈ ಜಗಳಾ ಇರೂದಿಲ್ರೀ. ರಾಗಕ್ಕ ಕನ್ನಡ ಶಾಲಿನೂ ಇಲ್ಲ, ಮರಾಠಿ ಶಾಲಿನೂ ಇಲ್ಲ. ಭೀಮಸೇನ ಜೋಶಿಯವರು ಕನ್ನಡದಾಗ ದಾಸರ ಪದಾ ಹಾಡಿದ್ರು, ಮರಾಠಿಯೊಳಗ ಅಭಂಗ ಹಾಡಿದ್ರು. ಎರಡೂ ಊರಾಗ ಮಂದಿ ಕಣ್ಣೀರ ಹಾಕಿದ್ರು. ಅಕ್ಷರ ಹಿಡಕೊಂಡಾಗ ನಾವು ಎರಡು ಪಂಗಡ ಆಗ್ತೀವಿ, ಸ್ವರ ಹಿಡಕೊಂಡಾಗ ಒಂದ ಪಂಕ್ತಿಗೆ ಕೂಡ್ತೀವಿ.

ಅಕ್ಷರಮಾಲಿ ಇನ್ನೂ ಒಂದು ಅನ್ಯಾಯ ಮಾಡ್ತೈತಿ. ಬಳಗಾ ಒಡೀತೈತಿ. ಭೂಪ ಮತ್ತ ದೇಸಕಾರ ಅಕ್ಕ ತಂಗೇರು ಇದ್ದಂಗ, ಇಬ್ಬರಿಗೂ ಅವ ಐದು ಸ್ವರ: ಸಾ ರೇ ಗಾ ಪಾ ಧಾ. ಭೂಪ ಗಾಂಧಾರ ಹಿಡಕೊಂಡು ಸಂಜಿ ಮುಂದ ಬರ್ತೈತಿ, ದೇಸಕಾರ ಧೈವತ ಹಿಡಕೊಂಡು ಮುಂಜಾನೆ ಬರ್ತೈತಿ. ನಮ್ಮ ಆಟದಾಗ ಒಬ್ಬಾಕಿ ‘ಭ’ದಾಗ, ಒಬ್ಬಾಕಿ ‘ದ’ದಾಗ. ಭೇಟಿನ ಆಗೂದಿಲ್ಲ. ಮಾರವಾ, ಪೂರಿಯಾ, ಸೋಹನಿ ಮೂರೂ ಒಂದ ಸ್ವರದಾಗ ಹುಟ್ಟಿದ್ದು, ಮೂರಕ್ಕೂ ಪಂಚಮ ಇಲ್ಲ. ಪೂರಿಯಾ ಕೆಳಗ ಮಂದ್ರದಾಗ ಮನಿ ಮಾಡ್ತೈತಿ, ಸೋಹನಿ ಮ್ಯಾಲ ತಾರ ಸಪ್ತಕದಾಗ ಹಾರ್ಯಾಡ್ತೈತಿ, ಮಾರವಾ ನಡುವ ರಿಷಭ, ಧೈವತ ಹಿಡಕೊಂಡು ಒದ್ದಾಡ್ತೈತಿ. ಈ ಫರಕು ಗೊತ್ತಾತಂದ್ರ ಒಂದು ಬಾಗಲಾ ತಗದಂಗ. ಮನಿಗೆ ಸೊಸಿ ಬಂದ್ರ ನಾವು ಆಕಿ ಹೆಸರಿನ ಮೊದಲನೇ ಅಕ್ಷರ ಕೇಳಿ ಬಿಡ್ತೀವೇನು? ತವರುಮನಿ ಯಾವುದು, ಅವ್ವ ಯಾರು, ಏನ ಉಣ್ತಾಳ, ಏನಂದ್ರ ಆಕಿ ಮನಸ್ಸು ನೋಯ್ತೈತಿ ಅಂತ ಕೇಳ್ತೀವಿ. ರಾಗಾನೂ ಹಂಗ ಕೇಳಬೇಕು.

ವ್ಯಾಳ್ಯಾದ ಮಾತೂ ಐತಿ. ಮನಿ ನಡಿಯೂದು ಗಡಿಯಾರದ ಮ್ಯಾಲ, ಅಕ್ಷರಮಾಲಿ ಮ್ಯಾಲ ಅಲ್ಲ. ಹಿಂದೂಸ್ತಾನಿ ರಾಗಾನೂ ಹಂಗ. ಅಂಗಳಾ ಸಾರಸೂ ಹೊತ್ತಿಗೆ ಭೈರವ, ರೊಟ್ಟಿ ಬುಟ್ಟಿ ತುಂಬೂ ಮಧ್ಯಾನಕ್ಕ ಸಾರಂಗ, ಒಂದಿಷ್ಟು ಬೆನ್ನು ಚಾಚೂ ಹೊತ್ತಿಗೆ ಭೀಮಪಲಾಸಿ, ಮುಲ್ತಾನಿ, ದೀಪಾ ಹಚ್ಚಿದ ಮ್ಯಾಲ ಯಮನ, ಎಲ್ಲಾರೂ ಮಲಗಿದ ಮ್ಯಾಲ ಬಾಗೇಶ್ರೀ, ಮಾಲಕಂಸ. ಅಕ್ಕಾರಂಥೋರು ರಾಗಾ ಗುರ್ತ ಹಿಡಿಯೂದು ಹಿಂಗ. “ರೇಡಿಯೋದಾಗ ಇದು ಬಂದಾಗ ನಾವು ಹಾಲು ಕಾಸ್ತಿದ್ವಿ” ಅಂತಾರ. ಅದನ್ನ ಅಜ್ಞಾನ ಅನ್ನಬ್ಯಾಡ್ರಿ. ಸಂಗೀತ ಶಾಸ್ತ್ರದ ಸಮಯ ವಿಚಾರ ಪುಸ್ತಕದಾಗ ಓದಿ ಬಾಯಿಪಾಠ ಮಾಡಿದ್ದಕ್ಕಿಂತ ಅವರಿಗೆ ಮೈಯಾಗ ಇಳದೈತಿ.

ಎಲ್ಲಾಕ್ಕಿಂತ ನನಗ ಸಿಟ್ಟು ಬರೂದು ಅಪರೂಪದ ರಾಗಗಳ ವಿಷಯದಾಗ. ಮಲ್ಲಿಕಾರ್ಜುನ ಮನ್ಸೂರರು ಮಂಜಿ ಖಾನ್, ಭೂರ್ಜಿ ಖಾನ್ ಸಾಹೇಬರ ಹತ್ರ ಜೈಪುರ ಘರಾಣೆಯ ವಿದ್ಯಾ ಕಲ್ತರು. ಶಿವಮತ ಭೈರವ, ಖಟ್, ಏಕ ನಿಷಾದ ಬಿಹಾಗಡಾದಂಥ ಜೋಡು ಬಿದ್ದ, ತಿರುವು ಮುರುವಿನ ರಾಗ ಅವರ ದನಿಯೊಳಗ ನೀರಿನಂಗ ಹರೀತಿದ್ದವು. ಒಂದೊಂದಕ್ಕೂ ಎಷ್ಟು ಮುಂಜಾನೆಗಳ ಮೇಹನತ್ತು ಇರಬೇಕು. ನಮ್ಮ ಆಟದಾಗ ಅವು ಇಸ್ಪೀಟಿನ ಹುಕುಮ್ ಎಲಿ. ‘ಏ’ ಬಂತೋ, ಏಕ ನಿಷಾದ ಬಿಹಾಗಡಾ ಒಗದ್ರು, ಮಾರ್ಕು ಎತ್ಕೊಂಡ್ರು, ಮುಗೀತು. ಮನ್ಸೂರರ ಆ ಧ್ವನಿಮುದ್ರಣ ಒಮ್ಮೆ ಹಚ್ಚಿ ಕೇಳೋಣು ಅಂತ ಒಬ್ಬರಿಗೂ ಅನಸಲಿಲ್ಲ. ಕುಮಾರ ಗಂಧರ್ವರು 1969ರಾಗ ಗಾಂಧೀಜಿ ಶತಮಾನೋತ್ಸವಕ್ಕ ಗಾಂಧಿ ಮಲ್ಹಾರ ಕಟ್ಟಿದ್ರು. ಅದೂ ‘ಗ’ ಅಕ್ಷರಕ್ಕ ಒಂದು ಮಾರ್ಕು.

“ಹಂಗಾದ್ರ ಅಕ್ಷರ ಬಿಟ್ಟಬಿಡೋಣೇನು?” ಅಂತ ಕೇಳ್ತೀರಿ. ಬ್ಯಾಡ್ರಿ! ನಮ್ಮ ಸಂಗೀತನ ಅಕ್ಷರದ ಆಟ. ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ; ಇವುಗಳ ಮೊದಲನೇ ಅಕ್ಷರ ಹಿಡದು ಸಾ ರೇ ಗಾ ಮಾ ಆತು. ಕರ್ನಾಟಕಿಯೊಳಗಂತೂ 72 ಮೇಳಗಳನ್ನ ಕಟಪಯಾದಿ ಲೆಕ್ಕದಾಗ ಕಟ್ಟಿಟ್ಟಾರ. ಮೇಚಕಲ್ಯಾಣಿ ಅನ್ನೂ ಹೆಸರಿನ ‘ಮ’ ಅಂದ್ರ 5, ‘ಚ’ ಅಂದ್ರ 6. ತಿರುವಿ ಹಾಕಿದ್ರ 65, ಅದ ಅದರ ಮೇಳದ ಸಂಖ್ಯಾ. ಧೀರಶಂಕರಾಭರಣದ ‘ಧ’ 9, ‘ರ’ 2, ತಿರುವಿದ್ರ 29. ಮೊದಲಿನ 36ರಾಗ ಶುದ್ಧ ಮಧ್ಯಮ, ಮುಂದಿನ 36ರಾಗ ಪ್ರತಿ ಮಧ್ಯಮ. ಅಂದ್ರ ಹೆಸರಿನ ಎರಡು ಅಕ್ಷರದಿಂದ ಸಂಖ್ಯಾ, ಸಂಖ್ಯಾದಿಂದ ಸ್ವರ. ಅದಕ್ಕ ಅನ್ನಬೇಕು ಅಕ್ಷರದಾಟ ಅಂತ! ಅಲ್ಲಿ ಅಕ್ಷರ ಕೀಲಿ ಕೈ, ಬಾಗಲಾ ತಗೀತೈತಿ. ನಮ್ಮಲ್ಲಿ ಕೀಲಿ ಕೈ ಎಣಿಸಿ ಎಣಿಸಿ ಡಬ್ಬಿಯಾಗ ಹಾಕಿಡ್ತೀವಿ.

ಇನ್ನ ಕೆಲವು ಶಾಣ್ಯಾರು ಅದಾರ. “ಸಂಗೀತ ಅಂದ್ರ ಸಾಧನಾ, ಹೆಂಗಸೂರು ಫೋನಿನಾಗ ಆಡೂ ಆಟ ಅಲ್ಲ” ಅಂತಾರ. ಅವರ ಪಂಗಡಕ್ಕ ನನ್ನ ಸೇರಸಬ್ಯಾಡ್ರಿ. ಮದುವ್ಯಾದ ಮ್ಯಾಲ ತಂಬೂರಿ ಅಟ್ಟದ ಮ್ಯಾಲ ಹೋದ ಮನಿ ಎಷ್ಟ ಅದಾವ ಅಂತ ಇವರು ಎಣಿಸ್ಯಾರೇನು? ಆ ಹೆಣ್ಮಕ್ಕಳಿಗೆ ದಿನಕ್ಕ 15 ನಿಮಿಷ ರಾಗದ ಮಾತು ಆಡಾಕ ಒಂದು ಜಾಗ ಸಿಕ್ಕೈತಿ ಅಂದ್ರ ಅದು ಸಣ್ಣದಲ್ಲ. ಸಣ್ಣದಲ್ಲ ಅಂತನ ಅದು ಹಾಳಾಗಬಾರದು ಅಂತ ಬಡಕೊಳ್ಳಾಕತ್ತೀನಿ.

ನನ್ನ ಸೂಚನಾ ಇಷ್ಟ. ಒಂದು: ಹೆಸರು ಬರದೋರು ಅದರ ನಾಕ ಸ್ವರ ಗುಣುಗುಣಿಸಿ ಕಳಸಬೇಕು. ದನಿ ಒಡದಿರಲಿ, ಕುಕ್ಕರ್ ಶೀಟಿ ಹೊಡೀಲಿ, ನಡೀತೈತಿ. ಹಾಡಾಕ ಬರದಿದ್ರ ಯಾರು ಹಾಡಿದ್ದು ಕೇಳೀನಿ, ಎಲ್ಲಿ ಕೇಳೀನಿ ಅಂತ ಎರಡು ಸಾಲು ಬರೀಬೇಕು. ಎರಡು: ಹಾಡು ಕಳಿಸಿ ಹೆಸರು ಮರತೋರಿಗೆ ಪೂರ್ತಿ ಮಾರ್ಕು. ಹೆಸರು ಹುಡುಕೂದು ಉಳದೋರ ಕೆಲಸ. ಮೂರು: ಒಂದು ರಾಗ ಹೇಳಿದ್ರ ಅದರ ಬಳಗದ ಇನ್ನೊಂದು ರಾಗ ಹೇಳಿದೋರಿಗೆ ಒಂದು ಮಾರ್ಕು ಹೆಚ್ಚು, ಅದರ ಅಕ್ಷರ ಯಾವುದ ಇರಲಿ. ಫೋನಿನಾಗ ಹುಡುಕೋರನ್ನ ಕಾಯಾಕ ಪೊಲೀಸರು ಬೇಕಾಗಿಲ್ಲ, ಈ ಮೂರು ನಿಯಮ ಸಾಕು. ಮಾಲಗುಂಜಿ ಹುಡುಕಿದಾಕಿ ಗುಣುಗುಣಿಸಬೇಕಂದ್ರ ಮೊದಲ ಅದನ್ನ ಕೇಳಬೇಕಲ್ಲ? ಕೇಳ್ಲಿ! ಅದ ನಮಗೂ ಬೇಕಾದದ್ದು.

ಇದು ಭಾಳ ತ್ರಾಸಿನ ನಿಯಮ ಅಂತ ಹೇಳೋರಿಗೆ ಒಂದ ಮಾತು. ಖಾನಾಪುರದ ಮಣ್ಣಿನ ಗಡಿಗಿ ನಾವೆಲ್ಲಾ ತಂದವ್ರ. ತಗೊಳ್ಳೂ ಮುಂದ ಬೆರಳ ಗಂಟಿಲೆ ಬಡದು ನೋಡ್ತೀವಿ. ಠಣ್ ಅಂದ್ರ ಪಕ್ಕಾ ಸುಟ್ಟೈತಿ, ಬದ್ದ ಅಂದ್ರ ಎಲ್ಲೋ ಬಿರುಕು ಐತಿ. ಗಡಿಗಿ ಹೆಸರು ಕೇಳಿ ರೊಕ್ಕಾ ಕೊಟ್ಟೋರು ಯಾರೂ ಇಲ್ಲ. ನೂರು ರೂಪಾಯಿ ಗಡಿಗಿಗೆ ಇಷ್ಟು ಕಿವಿ ಕೊಡ್ತೀವಿ, ರಾಗಕ್ಕ ಕೊಡಾಕ ಆಗೂದಿಲ್ಲೇನು?

ನಾಳೆ ಅಕ್ಷರ ಕೊಡೂ ಪಾಳಿ ನಂದೈತಿ. ‘ಪ’ ಕೊಡಾಕಿ ಅದೀನಿ. ಪೂರಿಯಾ, ಪಟದೀಪ, ಪೀಲು, ಪಹಾಡಿ, ಯಾವುದರ ಇರಲಿ, ಟೈಪ್ ಮಾಡಿದ್ದಕ್ಕ ನಾ ಮಾರ್ಕು ಕೊಡೂದಿಲ್ಲ. ಸಿಟ್ಟಾಗೋರು ಸಿಟ್ಟಾಗ್ರಿ. ಖಾನಾಪುರದ ಅಕ್ಕಾರಿಗೆ ಮಾತ್ರ ಇವತ್ತ ಸಂಜಿಗೆ ಫೋನ್ ಮಾಡಿ ಹೇಳ್ತೀನಿ: ನಾಳೆ ನೀವು ಹಾಡ್ರಿ, ನಾವು ಕೇಳ್ತೀವಿ.