ಗೋಡೆ ಉಳಿದರೆ ನಾಟ್ಯಗೃಹ ಉಳಿದಂತಲ್ಲ

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ ಹೊತ್ತಿ ಉರಿಯಿತು. ಮಾರನೆಯ ದಿನವೇ, ಅದು ಹೆಸರು ಹೊತ್ತ ಮರಾಠಿ ಗಾಯಕ-ನಟ ಭೋಸಲೆಯವರ ಜನ್ಮದಿನ. ರಂಗಮಂಚ, ಛಾವಣಿ, ಆಸನಗಳೆಲ್ಲ ಸುಟ್ಟುಹೋಗಿ ಕಲ್ಲಿನ ಗೋಡೆಗಳಷ್ಟೇ ನಿಂತವು. ಮೊದಲಿದ್ದಂತೆಯೇ ಕಟ್ಟಿಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತು. ಇಂಥ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಹೋಗುವುದು ಕಟ್ಟಡದ ಮುಖದ ಮೇಲೆ: ಕಮಾನು, ಕಲ್ಲು, ಬಣ್ಣ. ಆದರೆ ಈ ಕಟ್ಟಡದ ಬೆಲೆ ಇದ್ದದ್ದು ಒಳಗಿನ ಅಳತೆಯಲ್ಲಿ. ಮೈಕಿಲ್ಲದ ನಟನ ದನಿ ಕೊನೆಯ ಸಾಲಿನವನಿಗೆ ಮುಟ್ಟುವಂತೆ ಮಾಡದಿದ್ದರೆ, ಹೊರಗೋಡೆ ಎಷ್ಟು ಚೆಂದವಾಗಿ ತೊಳೆದಿಟ್ಟರೂ ಅದು ಹಳೆಯ ನಾಟ್ಯಗೃಹವಲ್ಲ.

ಇದನ್ನು ಕಟ್ಟಿಸಿದ ಕೊಲ್ಹಾಪುರದ ಅರಸ ಶಾಹೂ ಮಹಾರಾಜರು 1902ರಲ್ಲಿ ಯುರೋಪ್ ಪ್ರವಾಸ ಮಾಡಿದಾಗ ರೋಮಿನ ಬಯಲು ಕ್ರೀಡಾಂಗಣಗಳನ್ನೂ ನಾಟಕಶಾಲೆಗಳನ್ನೂ ನೋಡಿ ಬಂದರು. ಊರಿಗೆ ಮರಳಿದ ಮೇಲೆ ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಅದಕ್ಕೆ ಒತ್ತಿಕೊಂಡೇ 1915ರಲ್ಲಿ ‘ಪ್ಯಾಲೇಸ್ ಥಿಯೇಟರ್’ ತೆರೆಯಿತು. ಈಗಿನ ಹೆಸರು ಬಂದದ್ದು 1957ರಲ್ಲಿ. ಕುಸ್ತಿಯ ಕಣವೂ ನಾಟಕದ ಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದು ಬೇರೆಲ್ಲಿ ಸಿಕ್ಕೀತು? ಎರಡಕ್ಕೂ ಒಂದೇ ತರ್ಕ. ಮೈದಾನದಲ್ಲಿ ಸುತ್ತಲಿನ ನೆಲ ಇಳಿಜಾರಾಗಿ ಬಂದು ಕಣವನ್ನು ಸೇರುವುದರಿಂದ ಹಿಂದೆ ಕೂತವನಿಗೂ ಪಟ್ಟು ಕಾಣುತ್ತದೆ. ನಾಟ್ಯಗೃಹದಲ್ಲಿ ಪ್ರೇಕ್ಷಕರ ನಡುವೆ ಒಂದೇ ಒಂದು ಕಂಬವಿರಲಿಲ್ಲ. ಸಂಸ್ಥಾನವೊಂದರ ಅರಸ ಎಲ್ಲರಿಗೂ ಕಾಣಬೇಕು, ಕೇಳಬೇಕು ಎಂದು ಲೆಕ್ಕ ಹಾಕಿ ಕಟ್ಟಿಸಿದ್ದು ಸಣ್ಣ ಸಂಗತಿಯಲ್ಲ. ಆ ಲೆಕ್ಕವೇ ಇಲ್ಲಿನ ವಾಸ್ತುಶಿಲ್ಪ.

ಇದು ಮರಾಠಿಗರ ಚಿಂತೆ, ನಮಗೇಕೆ ಎನ್ನುವಂತಿಲ್ಲ. ಹದಿನೆಂಟು ತುಂಬುವ ಮೊದಲೇ ಕೇಶವರಾವ್ ತಮ್ಮ ‘ಲಲಿತಕಲಾದರ್ಶ’ ಕಂಪನಿಯನ್ನು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಹಿಂದೆ, 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ನಾಟಕ ಆಡಿಸಿದ್ದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಹೋದ ಭಾಗವತರ ಮೇಳ. ಇಷ್ಟೆಲ್ಲ ಕೊಡುಕೊಳೆ ನಡೆದದ್ದು ಕಂಠದ ಬಲದಿಂದ. ಹಾರ್ಮೋನಿಯಂ, ತಬಲಾ, ರಂಗಗೀತೆ, ‘ಒನ್ಸ್ ಮೋರ್’. ಈ ರಂಗಭೂಮಿಗೆ ತಕ್ಕ ಮನೆ ಹೇಗಿರಬೇಕು ಎಂಬುದಕ್ಕೆ ಉಳಿದ ಕೆಲವೇ ಸಾಕ್ಷಿಗಳಲ್ಲಿ ಕೊಲ್ಹಾಪುರದ್ದು ಒಂದು.

ಈಗ ಯಾರು ಮೈಕಿಲ್ಲದೆ ಆಡುತ್ತಾರೆ ಎಂಬ ಆಕ್ಷೇಪ ಸಹಜ. ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಮಾರಂಭಗಳ ಬಾಡಿಗೆಯಿಂದಲೇ ಇಂಥ ಸಭಾಂಗಣಗಳು ನಡೆಯುವುದೂ ನಿಜ. ಆದರೆ ಮೈಕು ಕೆಟ್ಟ ಕೋಣೆಯನ್ನು ಸರಿಪಡಿಸುವುದಿಲ್ಲ, ಅದರ ಕೇಡನ್ನು ದೊಡ್ಡದು ಮಾಡುತ್ತದೆ. ನಮ್ಮ ಎಷ್ಟೋ ಜಿಲ್ಲಾ ರಂಗಮಂದಿರಗಳಲ್ಲಿ ಬರಿ ಸಿಮೆಂಟು ಗೋಡೆಗೆ ಬಡಿದ ಮಾತು ಮುಂದಿನ ಮಾತಿನ ಮೇಲೇ ಬಂದು ಬೀಳುತ್ತದೆ. ಭಾಷಣಕ್ಕೆ ನಡೆದೀತು, ಪಿಸುಮಾತಿನ ದೃಶ್ಯಕ್ಕೆ ನಡೆಯದು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ನಾಟ್ಯಗೃಹದ ಒಳಗಿನ ಮರವೇ ಉರಿಯಿತಲ್ಲ, ಮತ್ತೆ ಮರ ಬೇಕೆ? ಬೆಂಕಿ ಹತ್ತದಂತೆ ಸಂಸ್ಕರಿಸಿದ ಮರ, ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ಬೆಂಕಿತಡೆ ಪರದೆ, ನೀರು ಚಿಮ್ಮುವ ವ್ಯವಸ್ಥೆ, ಹೊಸ ವೈರಿಂಗ್ ಎಲ್ಲವೂ ಬೇಕು, ಇವುಗಳಲ್ಲಿ ರಾಜಿಯಿಲ್ಲ. ಇವು ಯಾವುವೂ ಸಭಾಂಗಣದ ಎತ್ತರ, ಅಗಲ, ಇಳಿಜಾರನ್ನು ಬದಲಿಸು ಎಂದು ಕೇಳುವುದಿಲ್ಲ. ಹೊಸದಕ್ಕೆ ಹಳೆಯದರ ವೇಷ ಹಾಕಿದರೆ ಅದು ಸುಳ್ಳು ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಹೊಸ ಛಾವಣಿ ಹೊಸದಾಗಿಯೇ ಕಾಣಲಿ, ಎಲ್ಲಿ ಬೆಸುಗೆಯಾಯಿತೆಂದು ಗುರುತೂ ಇರಲಿ.

ಹಾಗಾಗಿ ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸು ಮಾಡುವ ಮುನ್ನ ಎಂಜಿನಿಯರುಗಳ ಜೊತೆಗೆ ನಟರನ್ನೂ ಒಳಗೆ ಬಿಡಬೇಕು. ಒಬ್ಬರು ರಂಗದ ಮೇಲೆ ನಿಂತು ಮೈಕಿಲ್ಲದೆ ಒಂದು ಪದ ಹಾಡಲಿ, ಒಂದು ಮಾತನ್ನು ಮೆಲ್ಲಗೆ ಆಡಲಿ. ಕೊನೆಯ ಸಾಲಿನಲ್ಲಿ ಕೂತವರಿಗೆ ಕೇಳಿಸದಿದ್ದರೆ ಬಿಲ್ಲು ವಾಪಸ್ ಹೋಗಲಿ.