ಕಾವಲು ಬಂಜರಲ್ಲ, ಅಲ್ಲಿ ಗುಂಡಿ ತೋಡಬೇಡಿ



ಜೂನ್ ಬಂತೆಂದರೆ ಬಯಲುಸೀಮೆಯ ಊರೂರಿಗೆ ಸಸಿ ತುಂಬಿದ ಟ್ರ್ಯಾಕ್ಟರ್ ಬರುತ್ತದೆ. ಎಲ್ಲಿ ನೆಡೋಣ ಎಂಬ ಮಾತೆದ್ದಾಗ ಎಲ್ಲರ ಬೆರಳೂ ಊರಾಚೆಯ ಕಾವಲಿನತ್ತ, ಗೋಮಾಳದತ್ತ ತಿರುಗುತ್ತದೆ. ‘ಸುಮ್ಮನೆ ಬಿದ್ದಿದೆಯಲ್ಲ’ ಎನ್ನುತ್ತಾರೆ. ಆ ನೆಲ ಸುಮ್ಮನೆ ಬಿದ್ದಿಲ್ಲ ಎಂದು ಹೇಳಲೆಂದೇ ಈ ಕರಪತ್ರ.

ಎಲ್ಲಿ ಏನು ಬೆಳೆಯಬೇಕೆಂದು ಮೊದಲು ತೀರ್ಮಾನಿಸುವುದು ಮಳೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, ಅಲ್ಲಿ ಮರಗಳು ಬೆಳಕಿಗಾಗಿ ಪೈಪೋಟಿಗೆ ಬಿದ್ದು ಎತ್ತರಕ್ಕೇರುತ್ತವೆ. ಚಳ್ಳಕೆರೆಗೆ 600 ಮಿ.ಮೀ. ಕೂಡ ದಕ್ಕುವುದಿಲ್ಲ, ಅದೂ ಕೆಲವೇ ತಿಂಗಳ ಮಾತು. ಇಂಥ ಕಡೆ ಗೆಲ್ಲುವುದು ಹುಲ್ಲು. ಗಿಡದ ಚಿಗುರು ತುದಿಯಲ್ಲಿರುತ್ತದೆ, ಹುಲ್ಲಿನದು ಬುಡದಲ್ಲಿ, ಮಣ್ಣಿಗಂಟಿಕೊಂಡು. ದನ ಮೇಯಲಿ, ಬೆಂಕಿ ಬೀಳಲಿ, ಬುಡ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಸತ್ತಂತೆ ಕಾಣುವ ಕಾವಲು ಒಂದು ಹದ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹಸಿರಾಗುವುದನ್ನು ನೀವೇ ನೋಡಿದ್ದೀರಿ. ಮರ ತನ್ನ ಗಳಿಕೆಯನ್ನು ಕಾಂಡದಲ್ಲಿಟ್ಟರೆ, ಹುಲ್ಲು ಬೇರಿನಲ್ಲಿ, ನೆಲದೊಳಗೆ ಇಡುತ್ತದೆ. ಮೇಲಿನ ಬೆಂಕಿ ಅದನ್ನು ಮುಟ್ಟುವುದು ಕಷ್ಟ.

ಇಲ್ಲಿನ ಜೀವಗಳೂ ಬಯಲಿಗೆ ಒಗ್ಗಿದವು. ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಕಣ್ಣು ಮತ್ತು ಕಾಲೇ ರಕ್ಷಣೆ. ತೋಳವನ್ನು ದೂರದಿಂದಲೇ ಕಾಣಬೇಕು, ಕಂಡೊಡನೆ ಓಡಬೇಕು. ಗಂಟೆಗೆ 80 ಕಿ.ಮೀ. ಸಮೀಪಿಸುವ ಓಟ ಅದರದು. ಅದರ ಮುಂದೆ ನೀಲಗಿರಿ ಸಾಲು ನಿಲ್ಲಿಸಿದರೆ ಕಣ್ಣೂ ಹೋಯಿತು, ಕಾಲೂ ಹೋಯಿತು. ನತ್ತಿಂಗ ಹಕ್ಕಿ ಗೂಡನ್ನೇ ಕಟ್ಟದೆ ಬರಿ ನೆಲದಲ್ಲಿ ಮೊಟ್ಟೆಯಿಡುತ್ತದೆ, ಮಣ್ಣಿನ ಬಣ್ಣದ ಮೈಯೇ ಅದಕ್ಕೆ ಮರೆ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಎರೆಭೂತ, ಅಂದರೆ ದೊರವಾಯನ ಹಕ್ಕಿ, ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಅದೂ ನೆಲದ ಮೇಲೆಯೇ. ಪಕ್ಕದಲ್ಲಿ ಮರವೆದ್ದರೆ ಆ ಮೊಟ್ಟೆಯನ್ನು ಹೊಂಚಲು ಕಾಗೆಗೆ ಕೊಂಬೆ ಕೊಟ್ಟಂತೆ.

ರಾಣೆಬೆನ್ನೂರಿನ ಕಥೆ ನಮ್ಮ ಕಣ್ಣೆದುರಿಗಿದೆ. 1974ರಲ್ಲಿ ಅಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಆ ಬಯಲಿನ ಬಹುಪಾಲನ್ನು ನೀಲಗಿರಿ ತೋಪು ಆವರಿಸಿತು. ಚಿಗರಿಗಳು ಹೇಗೋ ಉಳಿದವು. ಎರೆಭೂತ ಉಳಿಯಲಿಲ್ಲ. ಇಂದು ರಾಜ್ಯದಲ್ಲಿ ಆ ಹಕ್ಕಿಯನ್ನು ಕಾಣಬೇಕೆಂದರೆ ಸಿರುಗುಪ್ಪದ ಎರೆ ಹೊಲಗಳಿಗೇ ಹೋಗಬೇಕು, ಅಲ್ಲಿಯೂ ಬೆರಳೆಣಿಕೆಯಷ್ಟು. ಬಯಲಿನಲ್ಲಿ ಸ್ವತಂತ್ರವಾಗಿ ಬದುಕಿರುವವು ಇಡೀ ಜಗತ್ತಿನಲ್ಲಿ 200ಕ್ಕೂ ಕಡಿಮೆ. ಹಸಿರು ಮಾಡಲು ಹೋಗಿ ನಾವು ಕಳೆದುಕೊಂಡದ್ದನ್ನು ಹಸಿರೆಂದು ಹೇಗೆ ಕರೆಯೋಣ?

ನಮ್ಮ ಹಿರಿಯರಿಗೆ ಈ ನೆಲದ ಬೆಲೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಫಿರಂಗಿ ಎಳೆದ ಆ ಎತ್ತುಗಳನ್ನು ಸಾಕಿದ್ದು ಚಿತ್ರದುರ್ಗ, ಹಾಸನ, ಕಡೂರು, ತುಮಕೂರು ಸೀಮೆಯ ಕಾವಲುಗಳು. ‘ಕಾವಲು’ ಎಂಬ ಹೆಸರೇ ಕಾಯ್ದಿಟ್ಟ ನೆಲ ಎನ್ನುತ್ತದೆ. ಅದನ್ನು ಬಂಜರು ಮಾಡಿದ್ದು ನಮ್ಮ ದಾಖಲೆ, ಪ್ರಕೃತಿಯಲ್ಲ. ಈಗಲೂ ಕುರಿಗಾಹಿಗಳ ಹಿಂಡು ಅಲ್ಲಿ ಮೇಯ್ದು ಬಂದು ನಿಮ್ಮ ಹೊಲದಲ್ಲಿ ತಂಗಿ ಗೊಬ್ಬರ ಕೊಡುತ್ತದೆ. ಕಾವಲು ಮುಚ್ಚಿದರೆ ಆ ಗೊಬ್ಬರವನ್ನು ನೀವು ಅಂಗಡಿಯಿಂದ ತರಬೇಕು.

ನಾವು ಮರದ ವಿರೋಧಿಗಳಲ್ಲ. ಕೆರೆ ಏರಿ, ಹೊಲದ ಬದು, ಶಾಲೆಯ ಅಂಗಳ, ರಸ್ತೆಯ ಅಂಚು ಇವೆಯಲ್ಲ. ಹೊಂಗೆ, ಬೇವು, ಹುಣಸೆ ಅಲ್ಲಿ ಬರಲಿ. ಕಾವಲಿನಲ್ಲಿ ಮಾಡುವ ಕೆಲಸವಿದ್ದರೆ ಹಬ್ಬುತ್ತಿರುವ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳುವುದು.

ಮುಂದಿನ ಗ್ರಾಮಸಭೆಯಲ್ಲಿ ಎರಡು ಮಾತು ದಾಖಲಾಗಲಿ. ಒಂದು, ನಮ್ಮೂರ ಕಾವಲು, ಗೋಮಾಳಗಳನ್ನು ಹುಲ್ಲುಗಾವಲೆಂದೇ ಬರೆಯಬೇಕು, ಬಂಜರೆಂದಲ್ಲ. ಇನ್ನೊಂದು, ಅಲ್ಲಿ ಸಸಿ ನೆಡುವ ಯಾವ ಯೋಜನೆ ಬಂದರೂ ಕುರಿಗಾಹಿಗಳನ್ನು, ದನಗಾಹಿಗಳನ್ನು ಕೂರಿಸಿ ಕೇಳದೆ ಒಂದು ಗುಂಡಿಯನ್ನೂ ತೋಡಬಾರದು. ಟ್ರ್ಯಾಕ್ಟರ್ ಬರುವ ಮುನ್ನವೇ ಸಭೆ ಕರೆಯಿರಿ.